ಹಳೇ ಜೀಪಿನ ಹಿಂದಿನ ಡಿಫರೆನ್ಷಿಯಲ್ ಬದಲಿಸುವುದು

ಕೊಡಗಿನ ಮಳೆಗಾಲ ಮುಗಿದ ಮೇಲೆ ತೋಟದ ಜೀಪು ಹಿಂದಿನಿಂದ ಗುಂಯ್ ಅಂತಿದ್ದರೆ ಸುಮ್ನೆ ಬಿಡಬೇಡಿ, ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡೂ ಹಿಂದಿನ ಚಕ್ರಕ್ಕೆ ಹಂಚುವ ಗೇರುಗಳು) ಸವೆದಿರಬಹುದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಾಸಿಗೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಆಯಿಲ್ ತುಂಬುವ ಪ್ಲಗ್ ಬಿಚ್ಚುತ್ತದಾ ಅಂತ ಮೊದಲೇ ನೋಡಿ, ಆಮೇಲೆ ಆಯಿಲ್ ಇಳಿಸಿ. ಅದು ಹಾಲು ಹಾಕಿದ ಕಾಫಿ ಬಣ್ಣದಲ್ಲಿದ್ದರೆ ನೀರು ಸೇರಿದೆ, ಒಳಗಿನ ಗಾಳಿ ಆಚೆ ಹೋಗುವ ಬ್ರೀದರ್‌ನಲ್ಲಿ ಕೆಸರು ಕಟ್ಟಿದೆಯಾ ನೋಡಿ.

ಚಕ್ರಗಳಿಗೆ ಹೋಗುವ ಎರಡೂ ಆಕ್ಸಲ್ ಎಳೆದು, ಕವರ್ ತೆಗೆದು, ಬೇರಿಂಗ್ ಕ್ಯಾಪ್‌ಗಳಿಗೆ ಪಂಚ್‌ನಿಂದ ಗುರುತು ಹಾಕಿ. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಹೋಗಬೇಕು. ಸಂದು ಸರಿಹೊಂದಿಸುವ ತೆಳು ಬಿಲ್ಲೆಗಳಾದ ಶಿಮ್‌ಗಳನ್ನೂ ಹಾಗೇ ಬೇರೆ ಬೇರೆ ಕಟ್ಟಿಡಿ, ಅವಸರ ಮಾಡಬಾರದ ಜಾಗ ಇದೇ. ಕ್ರೌನ್ (ದೊಡ್ಡ ಗೇರ್), ಪಿನಿಯನ್ (ಅದನ್ನು ತಿರುಗಿಸುವ ಸಣ್ಣ ಗೇರ್) ಯಾವಾಗಲೂ ಜೋಡಿಯಾಗಿಯೇ ಹಾಕಿ. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳಬೇಕು. ಕೊನೆಗೆ ಜಿಎಲ್-5 ದರ್ಜೆಯ ಗೇರ್ ಆಯಿಲನ್ನು ಪ್ಲಗ್ಗಿನ ತೂತಿನ ಅಂಚಿನವರೆಗೆ ತುಂಬಿ.