ಬೋಟ್ ಎಂಜಿನ್ ರೀಬಿಲ್ಡ್: ಸರಿಯಾದ ಫ್ಲೈವೀಲ್ ಆರಿಸುವುದು ಹೇಗೆ

ಹಳೇ ಫ್ಲೈವೀಲನ್ನು, ಅಂದರೆ ಕ್ರ್ಯಾಂಕ್ ಶಾಫ್ಟಿನ ಹಿಂದಿನ ತುದಿಗೆ ಕೂರುವ ಭಾರದ ಚಕ್ರವನ್ನು, ಈಗಲೇ ಗುಜರಿಗೆ ಹಾಕಬೇಡಿ. ಇನ್ನೊಂದನ್ನು ತಂದು ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯುವವರೆಗೂ ಅದು ಬೇಕು. ಮಲ್ಪೆ, ಕಾರವಾರದ ಕಡೆಯಿಂದ ಎಂಜಿನ್ ತಂದು ಬೆಂಗಳೂರಿನ ಪೀಣ್ಯದಲ್ಲಿ ಕ್ರ್ಯಾಂಕ್ ಗ್ರೈಂಡ್ ಮಾಡಿಸುವವರಿಗೆ ಜೆಸಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಅದೇ ಎಂಜಿನ್ ಸಾರ್, ಲಾರೀದೇ ಕೂರುತ್ತೆ." ಕೂರುತ್ತದೆ, ನಿಜ. ಆದರೆ ಬೋಲ್ಟ್ ತೂತು ಹೊಂದಿದ ಮಾತ್ರಕ್ಕೆ ಅದು ಬೋಟಿನ ಫ್ಲೈವೀಲ್ ಆಗುವುದಿಲ್ಲ.

ತೂಕದಿಂದ ಶುರು ಮಾಡೋಣ. ರೇಸ್ ಕಾರಿನವರು ಎಂಜಿನ್ ಬೇಗ ಏರಲಿ ಅಂತ ಫ್ಲೈವೀಲನ್ನು ಲೇತ್‌ಗೆ ಹಾಕಿ ತೆಳ್ಳಗೆ ಮಾಡಿಸುತ್ತಾರೆ. ಬೋಟ್‌ಗೆ ಅದು ಬೇಡವೇ ಬೇಡ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್ ಇದ್ದರೆ ಕ್ರ್ಯಾಂಕ್ 180 ಡಿಗ್ರಿ ತಿರುಗುವಷ್ಟರಲ್ಲಿ ಒಂದು ಪವರ್ ಸ್ಟ್ರೋಕ್ ಬರುತ್ತದೆ, ಆರು ಇದ್ದರೆ 120 ಡಿಗ್ರಿಗೇ ಬರುತ್ತದೆ, ಒಂದೇ ಸಿಲಿಂಡರ್ ಆದರೆ ಪೂರ್ತಿ ಎರಡು ಸುತ್ತಿಗೆ ಒಂದು ಸಲ ಅಷ್ಟೇ. ಆ ನಡುವಿನ ಹೊತ್ತಲ್ಲಿ ಎಂಜಿನ್ನನ್ನು ತಿರುಗಿಸಿಕೊಂಡು ಹೋಗುವುದು ಫ್ಲೈವೀಲ್. ಹಾಗಾಗಿ ಸಿಲಿಂಡರ್ ಕಮ್ಮಿ ಆದಷ್ಟೂ ಭಾರ ಜಾಸ್ತಿ ಬೇಕು. ಹಗುರವಾದದ್ದು ಹಾಕಿದರೆ ಐಡಲ್‌ನಲ್ಲಿ ಎಂಜಿನ್ ಕುಲುಕುತ್ತದೆ, ಗೇರ್‌ಬಾಕ್ಸ್ ಕಟಕಟ ಅನ್ನುತ್ತದೆ, ಫ್ಲೈವೀಲ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಇರುವ ಡ್ಯಾಂಪರ್ ಪ್ಲೇಟಿನ ಸ್ಪ್ರಿಂಗ್‌ಗಳು ಬೇಗ ಹೋಗುತ್ತವೆ. ಜೆಟ್ಟಿಗೆ ಹತ್ತಿರ ಬರುವಾಗ ಬೋಟ್ ನಿಧಾನವಾಗಿ, ನಿಲ್ಲದೆ ಓಡಬೇಕು, ಅಲ್ವಾ? ಬರೀ ತಕ್ಕಡಿ ನೋಡಿದರೂ ಸಾಲದು. ನಡುವಿನ ಒಂದು ಕೆಜಿಗಿಂತ ಅಂಚಿನ ಒಂದು ಕೆಜಿ ಎಷ್ಟೋ ಜಾಸ್ತಿ ಕೆಲಸ ಮಾಡುತ್ತದೆ, ಅದಕ್ಕೇ ವ್ಯಾಸ, ಅಂಚಿನ ದಪ್ಪ ಎರಡನ್ನೂ ಅಳೆಯಿರಿ.

ಎರಡನೆಯದು ಬ್ಯಾಲೆನ್ಸ್. ಕೆಲವು ಎಂಜಿನ್‌ಗಳಲ್ಲಿ ಫ್ಲೈವೀಲ್ ಸುತ್ತಲೂ ಸಮ ಇರುತ್ತದೆ, ಕೆಲವದರಲ್ಲಿ ಒಂದು ಕಡೆ ಬೇಕಂತಲೇ ಭಾರ ಇಟ್ಟಿರುತ್ತಾರೆ. ಸ್ಪೀಡ್‌ಬೋಟ್‌ಗಳಲ್ಲಿ ಬರುವ ಷೆವರ್ಲೆ 350 ವಿ8 ನೋಡಿ. 1986ಕ್ಕೆ ಮುಂಚಿನದಕ್ಕೆ ಸಮ ತೂಕದ ಫ್ಲೈವೀಲ್, ಬೋಲ್ಟ್ ವೃತ್ತ (ಬೋಲ್ಟ್ ತೂತುಗಳು ಕೂರುವ ವೃತ್ತದ ವ್ಯಾಸ) 3.58 ಇಂಚು. ಆಮೇಲೆ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್ ಒಂದೇ ತುಂಡಿನದಾಯಿತು, ಬೋಲ್ಟ್ ವೃತ್ತ 3 ಇಂಚಿಗೆ ಇಳಿಯಿತು, ಫ್ಲೈವೀಲ್‌ಗೆ ಒಂದು ಕಡೆ ಭಾರ ಬಂತು. ಇಲ್ಲಿ ತಪ್ಪಿದ್ದು ಕೂರುವುದೇ ಇಲ್ಲ, ಅಷ್ಟು ಒಳ್ಳೆಯದು. ಫೋರ್ಡ್ 302 ಹಾಗಲ್ಲ: ಒಂದು ಕಡೆಯ ಭಾರ ಹಳೆಯದಕ್ಕೆ 28 ಔನ್ಸ್-ಇಂಚು (ತೂಕವನ್ನು ನಡುವಿನಿಂದ ಇರುವ ದೂರಕ್ಕೆ ಗುಣಿಸಿದ ಅಳತೆ), ಆಮೇಲಿನದಕ್ಕೆ 50, ಎರಡೂ ಅದೇ ಬೋಲ್ಟ್‌ಗೆ ಕೂರುತ್ತವೆ. ಅದಲುಬದಲಾದರೆ ಬೇರಿಂಗ್ ಕಥೆ ಮುಗಿಯಿತು. ಅನುಮಾನ ಇದ್ದರೆ ಕ್ರ್ಯಾಂಕ್, ಫ್ಲೈವೀಲ್, ಮುಂದಿನ ಡ್ಯಾಂಪರ್ ಪುಲ್ಲಿ ಮೂರನ್ನೂ ಒಟ್ಟಿಗೇ ಬ್ಯಾಲೆನ್ಸಿಂಗ್‌ಗೆ ಕೊಡಿ.

ಫ್ಲೈವೀಲಿನ ಹಿಂಬದಿಯ ಮುಖದ ಮೇಲೆ ಡ್ಯಾಂಪರ್ ಪ್ಲೇಟ್ ಕೂರಬೇಕು. ಲಾರಿ ಫ್ಲೈವೀಲ್ ಕ್ಲಚ್‌ಗೆ ಮಾಡಿದ್ದು, ಅದರ ತೂತು ಬೇರೆ ಇರಬಹುದು. ದೊಡ್ಡ ಡೀಸೆಲ್‌ಗಳಲ್ಲಿ ಇದಕ್ಕೆ ಎಸ್‌ಎಇ (ಅಮೆರಿಕದ ಎಂಜಿನಿಯರ್‌ಗಳ ಸಂಘ) ಅಳತೆ ಇದೆ. 11.5 ಸೈಜ್ ಅಂದರೆ ಪ್ಲೇಟ್ ಕೂರುವ ಗುಳಿಯ ವ್ಯಾಸ 352.4 ಮಿಮೀ, 10 ಸೈಜ್ ಆದರೆ 314.3. ಗೇರ್‌ಬಾಕ್ಸ್ ಯಾವುದು ಕೇಳುತ್ತದೆ ನೋಡಿಕೊಂಡು ತನ್ನಿ.

ಫ್ಲೈವೀಲಿನ ಅಂಚಿಗೆ ಸುತ್ತಲೂ ಕೂತಿರುವ ರಿಂಗ್ ಗೇರ್ ಹಲ್ಲುಗಳ ಮೇಲೆ ಬೆರಳಾಡಿಸಿ ನೋಡಿ. ಸವೆತ ಸುತ್ತಲೂ ಒಂದೇ ಥರ ಇರುವುದಿಲ್ಲ. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಆದಾಗ ಹೆಚ್ಚುಕಮ್ಮಿ ಎರಡೇ ಜಾಗದಲ್ಲಿ ನಿಲ್ಲುತ್ತದೆ, ಆರು ಸಿಲಿಂಡರ್ ಮೂರು ಜಾಗದಲ್ಲಿ. ಸೆಲ್ಫ್ ಮೋಟರ್ ಪ್ರತಿ ಸಲ ಅಲ್ಲೇ ಕಚ್ಚುವುದರಿಂದ ಅಲ್ಲಿನ ಹಲ್ಲು ಮೊಂಡಾಗಿರುತ್ತದೆ. ಬೋಟ್‌ನ ತಳದಲ್ಲಿ ನಿಂತ ನೀರಿನಿಂದ ತುಕ್ಕೂ ಸೇರಿಕೊಳ್ಳುತ್ತದೆ. ಇಷ್ಟಕ್ಕೆ ಫ್ಲೈವೀಲ್ ಬದಲಾಯಿಸಬೇಕಿಲ್ಲ, ರಿಂಗ್ ಮಾತ್ರ ಕಾಸಿ ಹೊಸದು ಕೂರಿಸಬಹುದು. ಆದರೆ ರಿಂಗ್ ನೀಲಿ ಬಣ್ಣಕ್ಕೆ ತಿರುಗುವಷ್ಟು ಕಾಸಬೇಡಿ, ಹಲ್ಲಿನ ಗಡಸುತನ ಹೋಗುತ್ತದೆ. ಹಲ್ಲಿನ ಇಳಿಜಾರು ಅಂಚು ಸೆಲ್ಫ್ ಬಂದು ಕಚ್ಚುವ ಕಡೆಗೇ ಇರಬೇಕು. ಹಳೇ ಎರಡು ಎಂಜಿನ್ ಬೋಟ್‌ಗಳಲ್ಲಿ ಒಂದು ಎಂಜಿನ್ ಉಲ್ಟಾ ತಿರುಗುವುದು ಇರುತ್ತದೆ, ಅದನ್ನೂ ಗಮನಿಸಿ.

ಬೇರೆ ಫ್ಲೈವೀಲ್ ಹಾಕಿದರೆ ಟೈಮಿಂಗ್ ಗುರುತನ್ನು ನಂಬಬೇಡಿ. ಒಂದನೇ ಪಿಸ್ಟನ್ ಮೇಲೆ ಬಂದಾಗ ಗುರುತು ಎಲ್ಲಿ ನಿಲ್ಲುತ್ತದೆ ಅಂತ ನೀವೇ ಪರೀಕ್ಷಿಸಿ.

ಕೊನೆಗೆ ಕೂರಿಸುವ ಕೆಲಸ. ಹೇಗೂ ಬಿಚ್ಚಿದ್ದೀರಿ, ಹಿಂಬದಿಯ ಆಯಿಲ್ ಸೀಲ್ ಹೊಸದು ಹಾಕಿಬಿಡಿ. ಕ್ರ್ಯಾಂಕ್ ಮುಖವನ್ನು ಚೆನ್ನಾಗಿ ಒರೆಸಿ, ಒಂದು ಚೂರು ಪೇಂಟ್ ಸಿಕ್ಕಿಕೊಂಡರೂ ಫ್ಲೈವೀಲ್ ಔಟ್ ಆಗುತ್ತದೆ, ಅಂದರೆ ತಿರುಗುವಾಗ ಓಲಾಡುತ್ತದೆ. ಬೋಲ್ಟ್ ಮ್ಯಾನ್ಯುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ ಬಿಗಿದು, ಆ ಓಲಾಟ ಅಳೆಯಲು ಡಯಲ್ ಗೇಜ್ ಇಟ್ಟು ತಿರುಗಿಸಿ. ತಿರುಗಿಸುವಾಗ ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿದಿರಿ, ಇಲ್ಲದಿದ್ದರೆ ಗೇಜ್ ತೋರಿಸುವುದು ಕ್ರ್ಯಾಂಕಿನ ಹಿಂದುಮುಂದಿನ ಪ್ಲೇ, ಫ್ಲೈವೀಲ್ ಔಟ್ ಅಲ್ಲ.