47 ಅಕ್ಷರದಲ್ಲಿ ಒಂದು ಪ್ರದಕ್ಷಿಣೆ

ಪೆರ್ಲದ ನಮ್ಮ ಮನೆಯಲ್ಲಿ ಜುಲೈ ಅಂದರೆ ಮಳೆ, ಕರೆಂಟು ಹೋಗುವುದು, ಮತ್ತೆ ಮಳೆ. ಅಂಥ ಒಂದು ಶನಿವಾರ ಕುಂಬಳೆಯ ಗೆಳೆಯ ಒಂದು ಲೆಕ್ಕ ಕಳಿಸಿದ. ಅಂಕಿಗಳು ತುಂಬಿದ ಚೌಕ. ಮೇಲಿನ ಎಡಮೂಲೆಯಿಂದ ಹೊರಟು, ಅಂಚು ಹಿಡಿದು ಸುತ್ತುತ್ತಾ ಒಳಗೆ ಹೋಗಿ ನಡುವೆ ನಿಲ್ಲಬೇಕು. ಮೂರು ಸಾಲಿನಲ್ಲಿ 1ರಿಂದ 9 ಬರೆದಿದ್ದರೆ ಉತ್ತರ 1 2 3 6 9 8 7 4 5. ಇದಕ್ಕೆ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯಬೇಕು, ಆದಷ್ಟು ಕಡಿಮೆ ಅಕ್ಷರದಲ್ಲಿ. ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ಕಡಿಮೆ ಹೊಡೆತದವನು ಗೆಲ್ಲುವ ಗಾಲ್ಫ್ ಆಟದಿಂದ ಇದಕ್ಕೆ ಕೋಡ್ ಗಾಲ್ಫ್ ಅಂತ ಹೆಸರು. ಸೋತವನು ಗೋಳಿಬಜೆ, ಚಾ ಕೊಡಿಸಬೇಕು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಮೇಲೆ, ಕೆಳಗೆ, ಎಡ, ಬಲ ಅಂತ ನಾಲ್ಕು ಗಡಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ನಾಲ್ಕು ಲೂಪ್. 400 ಅಕ್ಷರ ದಾಟಿತು. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಆಮೇಲೆ ಸಂಮಿಶ್ರ ಸಂಖ್ಯೆ (ಕಾಂಪ್ಲೆಕ್ಸ್ ನಂಬರ್) ನೆನಪಾಯಿತು. ಗಣಿತದವರು ಐ ಅನ್ನುವ ಮೈನಸ್ ಒಂದರ ವರ್ಗಮೂಲವನ್ನು ಪೈಥಾನ್ ಎಲೆಕ್ಟ್ರಿಕಲ್ ಇಂಜಿನಿಯರುಗಳ ಹಾಗೆ ಜೆ ಅನ್ನುತ್ತದೆ. ನಡೆಯುವ ದಿಕ್ಕನ್ನು 1 ಅಂತ ಇಟ್ಟುಕೊಂಡು ಜೆಯಿಂದ ಗುಣಿಸಿದರೆ ಸಾಕು, ದಿಕ್ಕು ಕಾಲು ಸುತ್ತು ತಿರುಗುತ್ತದೆ. ಚೌಕದ ಪ್ರತಿ ಮನೆಯನ್ನೂ ಡಿಕ್ಷನರಿಗೆ, ಅಂದರೆ ಯಾವ ಜಾಗದಲ್ಲಿ ಯಾವ ಅಂಕಿ ಅನ್ನುವ ಪಟ್ಟಿಗೆ ತುಂಬಿ, ಕಾಲಿಟ್ಟ ಮನೆಯನ್ನು ತೆಗೆಯುತ್ತಾ ಹೋಗುವುದು. ಮುಂದಿನ ಮನೆ ಇಲ್ಲದಿದ್ದರೆ ತಿರುಗು, ಅಷ್ಟೇ. ಸುಮಾರು 120 ಅಕ್ಷರಕ್ಕೆ ಬಂತು. ನನಗೆ ಈಗಲೂ ಎಲ್ಲಕ್ಕಿಂತ ಚಂದ ಕಾಣುವುದು ಇದೇ. ಆದರೆ ಅದರಲ್ಲಿ ಅರ್ಧದಷ್ಟು ಡಿಕ್ಷನರಿ ತುಂಬುವುದಕ್ಕೇ ಹೋಗಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಒಳಗೆ ಅತ್ತೆ ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್ನಿನಲ್ಲಿ ಹಳೆ ಸೀರೆಯ ತುಂಡಿಗೆ ಅಂಚು ಮಡಚಿ ಹೊಲಿಯುತ್ತಿದ್ದರು. ಅದಕ್ಕೆ ಕರೆಂಟಿನ ಹಂಗಿಲ್ಲ. ನಾನು ಸುಮ್ನೆ ನೋಡುತ್ತಾ ಕೂತೆ. ಸೂಜಿ ಇದ್ದಲ್ಲೇ ಇತ್ತು. ಒಂದು ಬದಿ ಮುಗಿದ ಕೂಡಲೇ ಅತ್ತೆ ಬಟ್ಟೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೇರ ಹೊಡೆಯುತ್ತಿದ್ದರು.

“ಎಂತದ್ದು ಮಾರಾಯ, ಅಷ್ಟು ಹೊತ್ತಿಂದ ನೋಡೂದು?” ಅಂದರು.

“ಏನಿಲ್ಲ ಅತ್ತೆ,” ಅಂದು ಲ್ಯಾಪ್‌ಟಾಪ್ ತೆರೆದೆ. ಬ್ಯಾಟರಿ ಸ್ವಲ್ಪವೇ ಉಳಿದಿತ್ತು.

ನಾನು ತಿರುಗುವುದೇ ಬೇಡ, ಚೌಕ ತಿರುಗಲಿ. ಮೇಲಿನ ಸಾಲು ತೆಗೆದುಕೋ, ಉಳಿದದ್ದನ್ನು ತಿರುಗಿಸು, ಮತ್ತೆ ಮೇಲಿನ ಸಾಲು ತೆಗೆದುಕೋ. ತಿರುಗಿಸುವುದಕ್ಕೆ ಪೈಥಾನ್‌ನಲ್ಲಿ ಝಿಪ್ ಅನ್ನುವ ಸಿದ್ಧ ಆಜ್ಞೆ ಇದೆ. ನಕ್ಷತ್ರ ಚಿಹ್ನೆ ಹಾಕಿ ಸಾಲುಗಳನ್ನು ಬಿಡಿಸಿ ಕೊಟ್ಟರೆ ಅಡ್ಡಸಾಲೆಲ್ಲ ಕಂಬಸಾಲಾಗುತ್ತದೆ. ಆಮೇಲೆ ಪಟ್ಟಿಯನ್ನು ತಲೆಕೆಳಗು ಮಾಡಿದರೆ ಆಯಿತು.

ಇಲ್ಲೇ ಎಡವಿದೆ. ಮೊದಲು ತಲೆಕೆಳಗು ಮಾಡಿ ಆಮೇಲೆ ಝಿಪ್ ಮಾಡಿದ್ದೆ. 1 2 3 ಆದ ಮೇಲೆ 6 ಬರುವ ಬದಲು 7ಕ್ಕೆ ಹಾರಿತು. ಮಧೂರು ದೇವಸ್ಥಾನದಲ್ಲಿ ಸುತ್ತು ಬರುವ ಹಾಗೆ ನಮಗೆ ಬೇಕಾದದ್ದು ಪ್ರದಕ್ಷಿಣೆ, ಅಲ್ವಾ? ಹಾಗಾದರೆ ಚೌಕ ತಿರುಗಬೇಕಾದದ್ದು ಅಪ್ರದಕ್ಷಿಣೆಯಾಗಿ. ಅತ್ತೆಯ ಬಟ್ಟೆಯೂ ಹಾಗೇ ತಿರುಗುತ್ತಿತ್ತು, ನಾನು ಗಮನಿಸಿರಲಿಲ್ಲ. ಮೊದಲು ಝಿಪ್, ಆಮೇಲೆ ತಲೆಕೆಳಗು. ತನ್ನನ್ನೇ ಕರೆಯುವ ಒಂದು ಲ್ಯಾಂಬ್ಡಾ, ಅಂದರೆ ಒಂದೇ ಸಾಲಿನ ಪುಟ್ಟ ಫಂಕ್ಷನ್ ಬರೆದೆ. 47 ಅಕ್ಷರ.

ಇನ್ನೊಂದು ತಪ್ಪು ಎರಡನೇ ಸಲ ಓಡಿಸಿದಾಗ ಸಿಕ್ಕಿತು: ಉತ್ತರ 4ರಿಂದ ಶುರುವಾಯಿತು. ಮೇಲಿನ ಸಾಲನ್ನು ಪಾಪ್ ಅನ್ನುವ ಆಜ್ಞೆಯಿಂದ ಕಿತ್ತಿದ್ದೆ. ಪಾಪ್ ಮೂಲ ಪಟ್ಟಿಯಿಂದಲೇ ಕಿತ್ತು ಹಾಕುತ್ತದೆ. ಪಾಪ್ ಬಿಟ್ಟು, ಮೊದಲ ಸಾಲು ಬೇರೆ, ಉಳಿದ ತುಂಡು ಬೇರೆ ಅಂತ ಬರೆದರೂ ಅಷ್ಟೇ 47. ಪುಣ್ಯ.

ಆಫೀಸಿನ ಕೆಲಸದಲ್ಲಿ ಇದನ್ನು ಬರೆಯಲಾರೆ. ಪ್ರತಿ ತಿರುವಿಗೂ ಉಳಿದ ಚೌಕವೆಲ್ಲ ಹೊಸದಾಗಿ ನಕಲಾಗುತ್ತದೆ. ಅದೂ ಅಲ್ಲದೆ ಪೈಥಾನ್‌ನಲ್ಲಿ ಫಂಕ್ಷನ್ ತನ್ನನ್ನೇ ಕರೆಯುವ ಆಳಕ್ಕೆ ಸಾಮಾನ್ಯವಾಗಿ 1000ದ ಮಿತಿ ಇದೆ. ಒಂದು ಚೌಕಕ್ಕೆ ಸಾಲುಗಳ ಎರಡರಷ್ಟು ಸಲ ಕರೆ ಬೇಕು, ಹಾಗಾಗಿ 600 ಸಾಲು ಕೊಟ್ಟರೆ ಮುಗ್ಗರಿಸುತ್ತದೆ.

ರಾತ್ರಿ ಗೆಳೆಯನಿಗೆ ಕಳಿಸಿದೆ. ಅವನದ್ದು 42! ನಿಲ್ಲುವ ಷರತ್ತನ್ನೇ ಬರೆದಿರಲಿಲ್ಲ. ಮೊದಲ ಸಾಲು ಪ್ರಿಂಟ್ ಮಾಡಿ, ಉಳಿದದ್ದನ್ನು ತಿರುಗಿಸಿ, ತನ್ನನ್ನೇ ಕರೆಯುತ್ತಾನೆ. ಕೊಡುವುದಕ್ಕೆ ಸಾಲೇ ಉಳಿಯದಾಗ ಪ್ರೋಗ್ರಾಂ ಎರರ್ ಕೊಟ್ಟು ಸಾಯುತ್ತದೆ. ಅಷ್ಟರಲ್ಲಿ ಉತ್ತರ ಪರದೆ ಮೇಲೆ ಬಂದಾಗಿರುತ್ತದೆ. ಇದು ಮೋಸ ಅಂತ ಅರ್ಧ ಗಂಟೆ ಜಗಳವಾಡಿದೆ. “ಎರರ್ ಬರಬಾರದು ಅಂತ ನಾನು ಎಲ್ಲಿ ಹೇಳಿದ್ದೆ?” ಅಂದ. ಹೇಳಿರಲಿಲ್ಲ. ಎರಡು ಪ್ಲೇಟ್ ಗೋಳಿಬಜೆ ತಿಂದ.