ಹಾಸು ನೆಟ್ಟಗೆ, ಅಂಚು ಮಡಿಕೆ: ಸೂಟಿನ ಬಟ್ಟೆಯಲ್ಲಿ ಕಿಲ್ಟ್ ಹೊಲಿದ ನನ್ನ ಅನುಭವ

ಸ್ಕಾಟ್ಲೆಂಡಿನ ಗಂಡಸರು ಉಡುವ, ಮಂಡಿಯವರೆಗಿನ ನೆರಿಗೆಯ ಕಿಲ್ಟನ್ನು ಸೂಟಿನ ತೆಳು ಬಟ್ಟೆಯಲ್ಲಿ ಹೊಲಿದರೆ ಅದು ನಡೆಯುವಾಗ ಬೀಸುವುದಿಲ್ಲ, ಅದರ ನೆರಿಗೆ ಒಂದು ಸಂಜೆಯೂ ನಿಲ್ಲುವುದಿಲ್ಲ, ಕೆಳಗಿನ ಅಂಚನ್ನು ಮಡಿಸಿ ಹೊಲಿದದ್ದನ್ನು ಕಿಲ್ಟ್ ಎಂದು ಕರೆಯುವಂತೆಯೇ ಇಲ್ಲ ಎಂದು ಎಡಿನ್‌ಬರೋದಲ್ಲಿ ನನಗೆ ಹೇಳಿದವರು ಕನಿಷ್ಠ ನಾಲ್ಕು ಮಂದಿ. ಅವರಲ್ಲಿ ಇಬ್ಬರು ನನಗಿಂತ ಮೂವತ್ತು ವರ್ಷ ಹೆಚ್ಚು ಸೂಜಿ ಹಿಡಿದವರು. ಅಂಥ ಕಿಲ್ಟ್‌ಗಳನ್ನು ನಾನು ಇದುವರೆಗೆ 15 ಹೊಲಿದಿದ್ದೇನೆ. 6 ಲಂಡನ್ನಿನ ರ‍್ಯಾಂಪ್ ಮೇಲೆ ನಡೆದಿವೆ. ರಿಪೇರಿಗೆ ಮರಳಿ ಬಂದದ್ದು ಒಂದೇ, ಅದೂ ಬಕಲ್ಲಿನ ಪಟ್ಟಿ ಕಿತ್ತುಹೋದದ್ದಕ್ಕೆ. ಹೇಗೆ ಮಾಡಿದೆ ಎಂದು ಊರಿನ ಟೈಲರ್ ಗೆಳೆಯರು ಮೇಲಿಂದ ಮೇಲೆ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ನೆರಿಗೆ ಹಿಡಿಯುವುದು, ಕಚ್ಚಾ ಹೊಲಿಗೆ ಹಾಕುವುದು, ಕ್ಯಾನ್ವಾಸ್ ಕೂರಿಸುವುದು ನಿಮಗೆ ಗೊತ್ತಿದೆ ಎಂದೇ ಭಾವಿಸಿದ್ದೇನೆ.

ನನ್ನ ತಂದೆ ಹುಬ್ಬಳ್ಳಿಯಲ್ಲಿ ಪ್ಯಾಂಟು, ಕೋಟು ಹೊಲಿಯುವವರು. ಮದುವೆಯಾಗಿ ಎಡಿನ್‌ಬರೋಗೆ ಬಂದ ಮೇಲೆ ಲೀತ್ ಭಾಗದಲ್ಲಿ ಒಬ್ಬ ಹಿರಿಯ ಕಿಲ್ಟ್ ಹೊಲಿಗೆಯವರ ಬಳಿ ಕೆಲಸ ಕಲಿತೆ. ಅವರ ಪಾಠ ಕಟ್ಟುನಿಟ್ಟಿನದು. ಗಜಕ್ಕೆ 16 ಔನ್ಸ್ ತೂಗುವ ಉಣ್ಣೆ ಬಟ್ಟೆ, ಡಬಲ್ ಅಗಲದ್ದು 4 ಗಜ. ಅದನ್ನು ಉದ್ದಕ್ಕೆ ನಡುವೆ ಸೀಳಿದರೆ ಎರಡು ಪಟ್ಟಿ, ಕೂಡಿಸಿದರೆ 8 ಗಜ, ಕೂಡಿಕೆ ನೆರಿಗೆಯೊಳಗೆ ಅಡಗಬೇಕು. ಮಗ್ಗದಲ್ಲಿ ನೇಯ್ದ ಅಂಚೇ ಕೆಳಗೆ ಮಂಡಿಯ ಬಳಿ ಬರುವುದರಿಂದ ಅಲ್ಲಿ ಮಡಿಸುವ ಪ್ರಶ್ನೆಯೇ ಇಲ್ಲ. ಅಂದರೆ ಕಿಲ್ಟಿನಲ್ಲಿ ಬಟ್ಟೆ ಅಡ್ಡ ಮಲಗಿರುತ್ತದೆ: ಹಾಸು, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ನೂಲು, ಸೊಂಟದ ಸುತ್ತ ಸುತ್ತುತ್ತದೆ; ಹೊಕ್ಕು, ಅಂದರೆ ಅಡ್ಡ ನೂಲು, ಕೆಳಗೆ ಇಳಿಯುತ್ತದೆ. ಟಾರ್ಟನ್ ಎಂಬ ಈ ಚೌಕಳಿ ಬಟ್ಟೆಯ ವಿನ್ಯಾಸ ಎರಡೂ ಕಡೆಯಿಂದ ಸಾಮಾನ್ಯವಾಗಿ ಒಂದೇ ಆಗಿರುವುದರಿಂದ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನೂ ಎರಡು ವರ್ಷ ಇದನ್ನು ಗಮನಿಸಿರಲಿಲ್ಲ.

ಗಮನಿಸುವಂತೆ ಮಾಡಿದ್ದು ಗಂಡಸರ ಉಡುಪಿನ ಒಬ್ಬ ಹೊಸ ಡಿಸೈನರ್. ಅವರ ಕೋಣೆಯ ಗೋಡೆಯ ತುಂಬ ಹೆಸರಾಂತ ಡಿಸೈನರುಗಳ ಚಿತ್ರಗಳಿದ್ದವು: ಜಾನ್ ಪಾಲ್ ಗೋತಿಯೇ 1985ರ ಬೇಸಿಗೆಗೆಂದು ಗಂಡಸರಿಗೆ ಸ್ಕರ್ಟ್ ತೊಡಿಸಿದ್ದು, ವಿವಿಯನ್ ವೆಸ್ಟ್‌ವುಡ್ 1993ರಲ್ಲಿ ತಮ್ಮ ಪತಿಯ ಹೆಸರಿನಲ್ಲಿ ಹೊಸ ಟಾರ್ಟನ್ನನ್ನೇ ನೇಯಿಸಿದ್ದು, ಅಲೆಕ್ಸಾಂಡರ್ ಮೆಕ್‌ಕ್ವೀನ್ 2006ರಲ್ಲಿ ನ್ಯೂಯಾರ್ಕಿನ ಮೆಟ್ ಗಾಲಾ ಎಂಬ ಫ್ಯಾಷನ್ ಸಮಾರಂಭಕ್ಕೆ ತಮ್ಮ ಟಾರ್ಟನ್ ಉಟ್ಟು ಬಂದದ್ದು. ಈ ಹೊಸ ಡಿಸೈನರ್‌ಗೆ ಮಾತ್ರ ಟಾರ್ಟನ್ ಬೇಡವಾಗಿತ್ತು. ಬೂದು ಬಣ್ಣದ, ಇಂಚಿಗೊಂದು ಬಿಳಿ ಗೀಟಿರುವ, 9 ಔನ್ಸಿನ ಸೂಟಿಂಗ್ ಬಟ್ಟೆಯಲ್ಲಿ ಕೋಟು ಮತ್ತು ಅದೇ ಬಟ್ಟೆಯ ಕಿಲ್ಟ್, ಮೇಲಿಂದ ನೋಡಿದರೆ ಬ್ಯಾಂಕ್ ಮ್ಯಾನೇಜರ್, ಕೆಳಗಿಂದ ನೋಡಿದರೆ ಸ್ಕಾಟ್ಲೆಂಡಿನ ಬೆಟ್ಟನಾಡಿನ ಹೈಲ್ಯಾಂಡರ್ ಎನ್ನುವಂತೆ ಇರಬೇಕಿತ್ತು. ಐದು ವಾರದಲ್ಲಿ ಆರು ಕಿಲ್ಟ್. ಗೀಟಿನ ಕಿಲ್ಟನ್ನು ಮೊದಲು ಹೊಲಿದವಳು ನಾನೆಂದು ಇಲ್ಲಿ ಹೇಳುತ್ತಿಲ್ಲ. ಇದೇ ಊರಿನಲ್ಲಿ ಹೋವಿ ನಿಕೋಲ್ಸ್‌ಬಿ 1996ರಿಂದಲೂ ಡೆನಿಮ್ಮು, ಚರ್ಮ, ಟ್ವೀಡ್ ಎಂದು ಟಾರ್ಟನ್ನಿನ ಆಚೆಗಿನ ಬಟ್ಟೆಗಳಲ್ಲಿ ಕಿಲ್ಟ್ ಹೊಲಿಸಿ ಹೆಸರು ಮಾಡಿದ್ದಾರೆ. ಇಷ್ಟು ತೆಳುವಾದ ಬಟ್ಟೆ, ಅದೂ ರ‍್ಯಾಂಪ್ ಮೇಲೆ ಬೀಸಿ ನಡೆಯುವ ವೇಗಕ್ಕೆ ಎನ್ನುವುದಷ್ಟೇ ನನ್ನ ಸಮಸ್ಯೆಯಾಗಿತ್ತು.

ಮೊದಲನೆಯದನ್ನು ಕಲಿತ ಕ್ರಮದಲ್ಲೇ ಕತ್ತರಿಸಿದೆ. ಬಟ್ಟೆಯ ಉದ್ದಕ್ಕೆ ಓಡುವ ಗೀಟುಗಳು ಸೊಂಟದ ಸುತ್ತ ಅಡ್ಡಡ್ಡ ಬಂದು, ತೊಟ್ಟ ಹುಡುಗ ಪಟ್ಟಿ ಬಿಗಿದ ಪೀಪಾಯಿಯಂತೆ ಕಂಡ. ಮೂರು ಮೀಟರ್ ಬಟ್ಟೆ, ಮೀಟರಿಗೆ ಸುಮಾರು 50 ಪೌಂಡ್, ಹೋಯಿತು. ಕತ್ತರಿ ಹಾಕುವ ಮೊದಲು ಮೇಜಿನ ಮೇಲೆ ಬಟ್ಟೆ ಹಾಸಿದ್ದಾಗಲೇ ಕಾಣಬೇಕಿದ್ದ ತಪ್ಪು ಅದು. ಆ ವಾರ ಫೋನಿನಲ್ಲಿ ತಂದೆಗೆ ಹೇಳಿಕೊಂಡಾಗ ಅವರು ನಕ್ಕು, “ಏನವಾ, ಪ್ಯಾಂಟಿಗೆ ಇಸ್ತ್ರಿ ಗೆರಿ ಯಾವ ನೂಲಿನ ಮ್ಯಾಲೆ ಬರ್ತದ ಅನ್ನೂದು ಮರ್ತಿಯೇನು?” ಎಂದರು. ಮರೆತಿದ್ದೆ. ಪ್ಯಾಂಟಿನ ಗೆರೆ ಹಾಸಿನ ನೂಲಿನ ಮೇಲೆ ಬರುವುದರಿಂದಲೇ ಅದು ಅಷ್ಟು ಚೂಪಾಗಿ ನಿಲ್ಲುತ್ತದೆ. ಕಿಲ್ಟಿನ ನೆರಿಗೆಗಳು ಹೊಕ್ಕಿನ ಮೇಲೆ ಮಡಿಯುತ್ತವೆ. 16 ಔನ್ಸಿನ ದಪ್ಪ ಬಟ್ಟೆಯಲ್ಲಿ ತೂಕವೇ ಅವನ್ನು ನಿಲ್ಲಿಸುತ್ತದೆ, 9 ಔನ್ಸಿನಲ್ಲಿ ನಿಲ್ಲಿಸುವವರು ಯಾರೂ ಇಲ್ಲ.

ಹಾಗಾಗಿ ಬಟ್ಟೆಯನ್ನೇ ತಿರುಗಿಸಿದೆ. 150 ಸೆಂಟಿಮೀಟರ್ ಅಗಲದ ಬಟ್ಟೆಯನ್ನು 28 ಇಂಚಿಗೊಂದರಂತೆ ಅಡ್ಡಲಾಗಿ ಕತ್ತರಿಸಿ ನಾಲ್ಕು ತುಂಡು ಮಾಡಿ ಸಾಲಾಗಿ ಕೂಡಿಸಿದರೆ ಸುಮಾರು 6 ಮೀಟರಿನ ಪಟ್ಟಿ ಸಿಗುತ್ತದೆ. ಬಟ್ಟೆ ಬೇಕಾಗುವುದು ಮೊದಲನೆಯದಕ್ಕೆ ಹಿಡಿದಷ್ಟೇ, 3 ಮೀಟರಿನೊಳಗೆ. ಹೆಚ್ಚುವರಿ ಕೆಲಸವೆಂದರೆ ಒಂದರ ಬದಲು ಮೂರು ಕೂಡಿಕೆ. ಗೀಟುಗಳು ನೆಟ್ಟಗೆ ನಿಂತವು, ನೆರಿಗೆಗಳು ಹಾಸಿನ ಮೇಲೆ ಮಡಿದವು. ಆದರೆ ಮಗ್ಗದ ಅಂಚು ಈಗ ಕೆಳಗಿಲ್ಲ, ಪಕ್ಕದ ಕೂಡಿಕೆಗಳಲ್ಲಿದೆ. ಕೆಳಗೆ ಉಳಿದದ್ದು ಕತ್ತರಿಸಿದ ಹಸಿ ಅಂಚು. ಇದನ್ನು ಕಂಡ ನನ್ನ ಗುರು, “ಇದು ಕಿಲ್ಟ್ ಅಲ್ಲ ಹುಡುಗಿ, ಇಸ್ಕೂಲಿನ ಹೆಣ್ಣುಮಕ್ಕಳ ಸ್ಕರ್ಟ್” ಎಂದು ಹೇಳಿ ತಮ್ಮ ಕೆಲಸಕ್ಕೆ ಮರಳಿದರು.

ಆಮೇಲಿನ ಎರಡು ವಾರ ಹಣ ಸುರಿದೆ. ಹಸಿ ಅಂಚಿಗೆ ಒಳಗಿನಿಂದ ಅಂಟಿನ ಬಕ್ರಂ ಹಚ್ಚಿದೆ. ಹಬೆ ಇಸ್ತ್ರಿ ತಾಗಿದ ಕೂಡಲೇ ದೋಸೆಯ ಮೇಲಿನ ಗುಳ್ಳೆಯಂತೆ ಎದ್ದಿತು. ಪರದೆಗಳ ಅಂಚಿನಲ್ಲಿ ಹಾಕುವ ಸೀಸದ ಮಣಿಸರವನ್ನು ತಂದು ಅಂಚಿನೊಳಗೆ ಓಡಿಸಿದೆ. ತೂಕವೇನೋ ಬಂತು, ನಡೆದ ಹುಡುಗನ ಮಂಡಿಗೆ ಅದು ಟಕಟಕ ಬಡಿಯಿತು, ಇಪ್ಪತ್ತು ಹೆಜ್ಜೆಯಲ್ಲಿ ಮಣಿಗಳೆಲ್ಲ ನೆರಿಗೆಯ ಮೂಲೆಗೆ ಜಾರಿ ಕೂತವು. ನೆರಿಗೆಯೊಳಗೆ ಆರ್ಗೆಂಜಾ ಎಂಬ ಬಿರುಸಾದ ತೆಳು ರೇಷ್ಮೆ ಬಟ್ಟೆ ಹಾಕಿ ನೋಡಿದೆ. ಬಿಗಿ ಬಂತು, ಜೊತೆಗೆ ಕಾಗದದಂತಹ ಸದ್ದೂ ಬಂತು. ಈ ಮೂರರಲ್ಲಿ ಬಟ್ಟೆ, ಸಾಮಾನು ಸೇರಿ 400 ಪೌಂಡಿಗಿಂತ ಹೆಚ್ಚೇ ಕೈಬಿಟ್ಟಿತು. ಡಿಸೈನರ್ ಕೊಟ್ಟ ಮುಂಗಡ 300. ಮನೆಯಲ್ಲಿ ಈ ಲೆಕ್ಕವನ್ನು ಹೇಳಿದ್ದು ಎಷ್ಟೋ ದಿನಗಳ ಮೇಲೆ.

ದಾರಿ ಕಂಡದ್ದು ಸೀಸದ ಸರವನ್ನು ಬಿಚ್ಚುವಾಗ. ತೂಕ ಬೇಕಿರುವುದು ಕೆಳಗೆ, ಅದು ಜಾರಬಾರದು, ಸದ್ದು ಮಾಡಬಾರದು. ಹಾಗಿದ್ದರೆ ಆ ತೂಕ ಬಟ್ಟೆಯದೇ ಏಕಾಗಬಾರದು? ದಪ್ಪ ಕಿಲ್ಟಿನಲ್ಲಿ ಅಂಚು ಮಡಿಸದಿರುವುದು ಶಾಸ್ತ್ರಕ್ಕಾಗಿ ಅಲ್ಲ, ಒಂದರ ಮೇಲೊಂದು ಬೀಳುವ ನೆರಿಗೆಗಳಲ್ಲಿ ಮಡಿಕೆ ಸೇರಿದರೆ ಅದು ಇಟ್ಟಿಗೆಯಾಗುತ್ತದೆ ಎಂಬ ಕಾರಣಕ್ಕೆ. 9 ಔನ್ಸಿನ ಬಟ್ಟೆಯನ್ನು 3 ಇಂಚು ಅಗಲ ಮಡಿಸಿದರೂ ಅಲ್ಲಿ 18 ಔನ್ಸಿನ ದಪ್ಪವಷ್ಟೇ ಆಗುತ್ತದೆ, ಸೇನೆಯ ಹಳೆಯ ಕಿಲ್ಟ್‌ಗಳ ಬಟ್ಟೆಯ ಆಸುಪಾಸು. ಬೇಡವೆಂದು ಎಲ್ಲರೂ ಹೇಳಿದ ಮಡಿಕೆಯೇ ಬೇಕಾದ ತೂಕವನ್ನು ಬೇಕಾದ ಜಾಗದಲ್ಲಿ ಕೂರಿಸಿತು.

ಅದನ್ನೂ ಮೊದಲು ತಪ್ಪಾಗಿಯೇ ಮಾಡಿದೆ. ನೆರಿಗೆ ಹಿಡಿದು, ಸೊಂಟ ಮುಗಿಸಿ, ಕೊನೆಯಲ್ಲಿ ಅಂಚು ಮಡಿಸಿದೆ. ನೆರಿಗೆಗಳು ಕೆಳಗೆ ಬೀಸಣಿಗೆಯಂತೆ ಬಿಚ್ಚಿಕೊಂಡು ಮತ್ತೆ ಮುಚ್ಚಲಿಲ್ಲ. ಅಂಚನ್ನು ಮಡಿಸಿ, ಒಂದೊಂದೇ ನೂಲು ಹಿಡಿದು ಕೈಹೊಲಿಗೆ ಹಾಕಿ, ಒದ್ದೆ ಬಟ್ಟೆಯಡಿ ಇಸ್ತ್ರಿ ಮಾಡಿ, ಒಂದು ರಾತ್ರಿ ಹಲಗೆಯಡಿ ಒತ್ತಿಟ್ಟ ಮೇಲೆಯೇ ನೆರಿಗೆ ಹಿಡಿಯಬೇಕು. ಕೂಡಿಕೆಗಳು ಮಡಿಕೆಯೊಳಗೆ ಬರುವ ಕಡೆ ಸೀಳನ್ನು ಬಿಡಿಸಿ, ಎರಡೂ ಪದರಗಳನ್ನು ಹೆಚ್ಚುಕಡಿಮೆ ಮಾಡಿ ಕತ್ತರಿಸಬೇಕು. ನೆರಿಗೆಯ ಒಳಮೂಲೆಯಲ್ಲಿ ಮಡಿಕೆ ಉಬ್ಬದಂತೆ ಕೊನೆಯ ಅರ್ಧ ಇಂಚಿನಲ್ಲಿ ಏನು ಮಾಡುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅದಕ್ಕೆ ನಾನು ಎರಡು ಕಿಲ್ಟ್ ಕೆಡಿಸಿಕೊಂಡಿದ್ದೇನೆ. ನೀವೂ ಒಂದಾದರೂ ಕೆಡಿಸಿಕೊಳ್ಳಬೇಕು.

ಅಳತೆ ನೆನಪಿನಿಂದ ಕೊಡುತ್ತೇನೆ. ಸೊಂಟ 32, ಪೃಷ್ಠ 38 ಇದ್ದ ಹುಡುಗನಿಗೆ ಮುಂದಿನ ಏಪ್ರನ್, ಅಂದರೆ ನೆರಿಗೆಯಿಲ್ಲದ ಚಪ್ಪಟೆ ಭಾಗ, ಸುಮಾರು 18 ಇಂಚು, ಹಿಂದೆ ನೆರಿಗೆಯ ಭಾಗ 20. ಆ ಇಪ್ಪತ್ತರಲ್ಲಿ 22 ನೆರಿಗೆ, ಪ್ರತಿಯೊಂದೂ ಸುಮಾರು 8 ಇಂಚು ಬಟ್ಟೆ ತಿನ್ನುತ್ತದೆ. ಇಂಚಿಗೊಂದು ಗೀಟಿರುವುದರಿಂದ ಎಂಟು ಗೀಟಿಗೊಂದು ನೆರಿಗೆ, ಹೊರಗೆ ಕಾಣುವುದು ಒಂದೇ ಗೀಟು, ಅದು ನೆರಿಗೆಯ ನಟ್ಟನಡುವೆ ಇರಬೇಕು. ಮುಂದೆ ಗೀಟುಗಳು ಇಂಚಿನ ಅಂತರದಲ್ಲಿ ಸೂಟಿನ ಹಾಗೆಯೇ ಇರುತ್ತವೆ. ಹಿಂದೆ ಸೊಂಟದ ಕಡೆ ನೆರಿಗೆ ಕಿರಿದಾಗುತ್ತ ಹೋಗುವುದರಿಂದ ಗೀಟುಗಳೂ ಒಂದಕ್ಕೊಂದು ಹತ್ತಿರವಾಗುತ್ತ ಮುಕ್ಕಾಲು ಇಂಚಿಗೆ ಬಂದು ನಿಲ್ಲುತ್ತವೆ. ಡಿಸೈನರ್ ಇದನ್ನು ಕೇಳಿರಲಿಲ್ಲ, ನಾನೂ ಯೋಜಿಸಿರಲಿಲ್ಲ. ಆದರೆ ಬೆನ್ನು ತಿರುಗಿಸಿ ನಡೆದಾಗ ಎಲ್ಲರೂ ನೋಡಿದ್ದು ಅದನ್ನೇ. ಸಿದ್ಧವಾದ ಕಿಲ್ಟ್ ಅಸ್ತರು, ಪಟ್ಟಿ, ಬಕಲ್ ಸೇರಿ ಒಂದೂಕಾಲು ಕಿಲೋ ಆಸುಪಾಸು ತೂಗುತ್ತದೆ, 16 ಔನ್ಸಿನದು ಎರಡು ಕಿಲೋ ತೂಗುವಾಗ.

ಕಲಿತದ್ದನ್ನು ಇನ್ನೊಂದು ಕಡೆಯೂ ಬಿಡಬೇಕಾಯಿತು. ಮೇಲಿನ ಏಳೆಂಟು ಇಂಚು ನೆರಿಗೆಯನ್ನು ಹೊಲಿದು ಮುಗಿಸಿದ ಮೇಲೆ ಒಳಗಿನ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಗೆಯುವುದು ರೂಢಿ, ಇಲ್ಲವಾದರೆ ಸೊಂಟ ಊದುತ್ತದೆ. ತೆಳು ಬಟ್ಟೆಯಲ್ಲಿ ಹಾಗೆ ಕತ್ತರಿಸಿದಾಗ ಹಿಂಭಾಗ ಗಾಳಿ ಹೋದ ಚೆಂಡಿನಂತೆ ಕುಸಿಯಿತು. ಈಗ ಕತ್ತರಿಸುವುದೇ ಇಲ್ಲ. ಆ ಬಟ್ಟೆಯನ್ನು ಒಂದೇ ಕಡೆಗೆ ಮಲಗಿಸಿ, ನೆರಿಗೆಯ ಭಾರವನ್ನೆಲ್ಲ ಹೊರುವ ಒಳಗಿನ ಅಡ್ಡ ಹೊಲಿಗೆಯನ್ನು ಒಂದರ ಬದಲು ಎರಡು ಸಾಲು ಹಾಕಿ, ಅದರ ಮೇಲೆ ಕುದುರೆ ಕೂದಲಿನ ಕ್ಯಾನ್ವಾಸ್ ಕೂರಿಸುತ್ತೇನೆ. ತೊಡುವವನ ಹೊಟ್ಟೆ ಬಂದರೆ ಬಿಚ್ಚಿ ದೊಡ್ಡದು ಮಾಡಲು ಬಟ್ಟೆಯೂ ಉಳಿದಿರುತ್ತದೆ, ಗಿರಾಕಿಗಳಿಗೆ ಇದನ್ನು ಹೇಳಿದರೆ ಬೆಲೆಯ ಚೌಕಾಶಿ ಅರ್ಧಕ್ಕೆ ನಿಲ್ಲುತ್ತದೆ. ಕೊನೆಯ ಇಸ್ತ್ರಿಗೆ ಬಟ್ಟೆ ಒದ್ದೆ ಮಾಡುವ ನೀರಿನಲ್ಲಿ ಏನಿದೆ ಎಂದು ಕೇಳುವವರಿಗೆ: ವಿನೆಗರ್ ಎಂದು ಊಹಿಸಿದರೆ ಅರ್ಧ ಸರಿ.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಊರಿನಿಂದ ತಂದಿದ್ದ 8 ಮೊಳದ ಜರಿಯಂಚಿನ ಪಂಚೆಯೊಂದು ಪೆಟ್ಟಿಗೆಯಲ್ಲಿತ್ತು. 8 ಮೊಳವೆಂದರೆ 4 ಗಜ. ಎರಡೂ ಬದಿ ಅಂಚಿದೆ. ಉದ್ದಕ್ಕೆ ನಡುವೆ ಸೀಳಿದರೆ ಅಂಚಿರುವ ಎರಡು ಪಟ್ಟಿ, ಒಟ್ಟು 8 ಗಜ. ಕಿಲ್ಟಿನ ಲೆಕ್ಕವೂ ಅಕ್ಷರಶಃ ಇದೇ ಎಂದು ಹೊಳೆದಾಗ ರಾತ್ರಿ ಹನ್ನೊಂದು ಗಂಟೆ, ಬೆಳಗಿನವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಅಗಲ ಸುಮಾರು 25 ಇಂಚು ಸಿಕ್ಕಿತು, ಕೂದಲೆಳೆಯಷ್ಟರಲ್ಲಿ ಸಾಲಿತು. ಜರಿಯಂಚು ಮಂಡಿಯ ಸುತ್ತ ಬಂದು ನಿಂತದ್ದು ನೋಡಲು ಬಹಳ ಚೆನ್ನಾಗಿತ್ತು. ಹತ್ತಿಯ ನೆರಿಗೆ ಒಮ್ಮೆ ಕೂತು ಏಳುವಷ್ಟರಲ್ಲಿ ಮುದ್ದೆಯಾಯಿತು. ಗಂಜಿ ಹಾಕಿದರೆ ನಿಲ್ಲುತ್ತದೆ, ಆಮೇಲೆ ಬೀಸುವುದಿಲ್ಲ. ಪಂಚೆಗೆ ಪಂಚೆಯೂ ಹೋಯಿತು.

ಆರು ಕಿಲ್ಟ್‌ಗಳನ್ನು ಕೊನೆಯ ದಿನ ಬೆಳಗಿನ ರೈಲಿಗೆ ಮುಗಿಸಿದೆ. ನೆರಿಗೆಗೆ ಕಚ್ಚಾ ಹೊಲಿಗೆ ಹಾಗೆಯೇ ಇಟ್ಟು ಲಂಡನ್ನಿಗೆ ಒಯ್ದು, ತೆರೆಯ ಹಿಂದೆ ಹುಡುಗರು ತೊಟ್ಟು ನಿಂತ ಮೇಲೆ ಒಬ್ಬೊಬ್ಬರದನ್ನಾಗಿ ಬಿಚ್ಚಿದೆ. ರ‍್ಯಾಂಪಿನ ಹುಡುಗರು ಸೈನಿಕರ ಹಾಗೆ ನಡೆಯುವುದಿಲ್ಲ, ಹೆಜ್ಜೆ ಉದ್ದ, ಸೊಂಟ ಅಲುಗದು. ಬೀಸು ಬರಬೇಕಾದರೆ ಅದು ಬಟ್ಟೆಯಿಂದಲೇ ಬರಬೇಕು. ಬಂತು. ತಿರುವಿನಲ್ಲಿ ಅವರು ನಿಂತ ಮೇಲೂ ಅಂಚು ಒಂದು ಸಲ ಮುಂದೆ ಹೋಗಿ ಹಿಂದಕ್ಕೆ ಬಂದು ಮುಚ್ಚಿಕೊಂಡಿತು. ಅದನ್ನು ನಾನು ಪಕ್ಕದ ಪರದೆಯ ಸಂದಿನಿಂದ ಆರೂ ಸಲ ನೋಡಿದೆ.

ಬಾಕಿ ಹಣ ಕೈಸೇರಲು ಐದು ತಿಂಗಳು ಬೇಕಾಯಿತು. ಒಟ್ಟು ಲೆಕ್ಕದಲ್ಲಿ ಆ ಆರ್ಡರಿನಲ್ಲಿ ನನಗೆ ಉಳಿದದ್ದು ಗಂಟೆಗೆ 4 ಪೌಂಡಿಗಿಂತ ಕಡಿಮೆ. ಆಮೇಲಿನ ಎಂಟು ಮದುವೆಯ ಗಿರಾಕಿಗಳದು. ಅವರಿಂದ ಪೂರ್ತಿ ಹಣವನ್ನು ಮೊದಲೇ ಪಡೆಯುತ್ತೇನೆ. ಬಟ್ಟೆ ಮತ್ತು ಸಾಮಾನಿಗೆ 180, ಕೆಲಸ 18ರಿಂದ 20 ಗಂಟೆ, ಬೆಲೆ 580 ಪೌಂಡ್.

ನನ್ನ ಗುರುವಿಗೆ ಒಂದನ್ನು ತೋರಿಸಿದೆ. ಒಳಗು ಹೊರಗು ಮಾಡಿ, ಕನ್ನಡಕ ಏರಿಸಿ, ಅಂಚಿನ ಸುತ್ತ ಬೆರಳಾಡಿಸಿ, ಮಡಿಕೆಯನ್ನು ನೆರಿಗೆಗೆ ಮೊದಲು ಹಾಕಿದೆಯೋ ಆಮೇಲೋ ಎಂದಷ್ಟೇ ಕೇಳಿದರು. ಮೊದಲು ಎಂದೆ. ಕಳೆದ ತಿಂಗಳು ಅವರ ಅಂಗಡಿಗೇ ಅಂಥದೊಂದು ಆರ್ಡರ್ ಬಂದಾಗ ನನ್ನನ್ನೇ ಕರೆದು ಕೊಟ್ಟರು. ಪುಸ್ತಕದಲ್ಲಿ ಮಾತ್ರ ಅದನ್ನು “ಸ್ಕರ್ಟ್, ಗಂಡಸರದು” ಎಂದು ಬರೆದುಕೊಂಡಿದ್ದಾರೆ, ಅಲ್ಲಿ ಸ್ಕರ್ಟಿನ ಕೂಲಿ ಕಿಲ್ಟಿನ ಕೂಲಿಯ ಅರ್ಧ. ನಾನು ಕಳಿಸಿದ ಬಿಲ್ಲಿನಲ್ಲಿ ಕಿಲ್ಟ್ ಎಂದಿದೆ. ಎರಡು ವಾರವಾಯಿತು, ಇನ್ನೂ ಯಾರೂ ಸೋತಿಲ್ಲ.